ಹಳತಾಗದ ಹೆಸರು ಯಾವುದು? ಮಲೆನಾಡಿನ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಹೊಸನಗರ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ಹಾಜರಿ ಕರೆದ ಅಕ್ಕೋರು, ಅಂದರೆ ಟೀಚರು, ನಾನು. ಅದಕ್ಕೇ ಇರಬೇಕು, ಗುರುತಿನವರ ಮನೆಯಲ್ಲಿ ಮಗು ಹುಟ್ಟಿದರೆ ನನಗೊಂದು ಫೋನ್ ಬರುತ್ತದೆ. "ಅಕ್ಕೋರೆ, ಒಂದು ಹೆಸರು ಹೇಳಿ. ಈಗಿನ ಕಾಲದ್ದೂ ಆಗಿರ್ಬೇಕು, ಮುಂದೆ ಹಳೇದು ಅನ್ನಿಸ್ಲೂಬಾರ್ದು." ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಅವೇ. ಹಾಗಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ಒಂದು ಹೆಸರು ಹಳೇದು ಅಂತ ಅನ್ನಿಸುವುದು ಯಾಕೆ?

ಶಾಲೆಯ ಬೀರುವಿನಲ್ಲಿ ಹಳೇ ದಾಖಲಾತಿ ಪುಸ್ತಕಗಳಿರುತ್ತವೆ. ಗೆದ್ದಲು ತಿಂದು ಉಳಿದಷ್ಟು. ವರ್ಗಾವಣೆ ಪತ್ರ ಕೇಳಿಕೊಂಡು ಯಾರಾದರೂ ಬಂದಾಗ ತೆಗೆಯುತ್ತಿದ್ದೆ. ತೆಗೆದರೆ ಬೇಗ ಮುಚ್ಚಲು ಮನಸ್ಸು ಬರುತ್ತಿರಲಿಲ್ಲ.

1950ರ ದಶಕದ ಪುಟಗಳಲ್ಲಿ ಹೂವಪ್ಪ, ತಿಮ್ಮಪ್ಪ, ಕೆರಿಯಪ್ಪ, ಗುತ್ಯಪ್ಪ, ಚೌಡಮ್ಮ. ಹುಟ್ಟಿದ ದಿನ ನೋಡಿದರೆ ಸಾಲು ಸಾಲಾಗಿ ಜೂನ್ 1. ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡದ್ದು, ಇರಲಿ. ಇಪ್ಪತ್ತು ವರ್ಷ ಮುಂದೆ ಹೋದರೆ ನಾಗರಾಜ, ಮಂಜುನಾಥ, ಸುರೇಶ, ರಮೇಶ, ಸುಜಾತ, ಮಂಜುಳ. ಆಮೇಲೆ ಪ್ರಶಾಂತ, ಸಂತೋಷ, ರೂಪ, ಶಿಲ್ಪ. 1994ರಲ್ಲಿ ಸುಷ್ಮಿತಾ ಸೇನ್ ಭುವನಸುಂದರಿಯಾದರು, ಐಶ್ವರ್ಯ ರೈ ವಿಶ್ವಸುಂದರಿಯಾದರು. ಆರು ವರ್ಷ ಕಳೆಯಿತು. ನನ್ನ ಒಂದನೇ ತರಗತಿಯಲ್ಲಿ ಮೂವರು ಐಶ್ವರ್ಯ, ಇಬ್ಬರು ಸುಷ್ಮಿತಾ. ಟಿವಿ ಇದ್ದದ್ದು ಆ ಊರಿನ ನಾಲ್ಕೈದು ಮನೆಗಳಲ್ಲಿ ಮಾತ್ರ!

ಈ ಮೂವರು ಐಶ್ವರ್ಯರ ಹೆಸರಲ್ಲಿ ಏನೂ ಕೊರತೆ ಇಲ್ಲ. ಚೆಂದದ ಹೆಸರೇ. ಆದರೆ ಒಟ್ಟೊಟ್ಟಿಗೆ ಬಂದುಬಿಟ್ಟವು. ಹಾಗೆ ಗುಂಪಿನಲ್ಲಿ ಬಂದ ಹೆಸರಿಗೆ ಇಸವಿ ಅಂಟಿಕೊಳ್ಳುತ್ತದೆ. ಹೆಸರು ಕೇಳಿದರೆ ಸಾಕು, ವಯಸ್ಸು ಹೇಳಬಹುದು.

ಅದೇ ಪುಸ್ತಕಗಳಲ್ಲಿ ಗೌರಿ ಅನ್ನುವ ಹೆಸರು ನೋಡಿ. ಹೂವಪ್ಪನ ಪುಟದಲ್ಲಿ ಒಬ್ಬಳು, ಸುರೇಶನ ಪುಟದಲ್ಲಿ ಒಬ್ಬಳು, ನಾನು ನಿವೃತ್ತಳಾಗುವ ವರ್ಷ ಸೇರಿದವರಲ್ಲೂ ಒಬ್ಬಳು. ಎಂದೂ ಮೂವರು ಬರಲಿಲ್ಲ, ಎಂದೂ ಪೂರ್ತಿ ನಿಲ್ಲಲಿಲ್ಲ. ಹಳತಾಗದ ಹೆಸರು ಅಂದರೆ ನನ್ನ ಲೆಕ್ಕದಲ್ಲಿ ಇಂಥದ್ದು.

ಹಾಗಾದರೆ ಈಗಿನ ಯಾವ ಹೆಸರುಗಳಿಗೆ ಇಸವಿ ಅಂಟುತ್ತದೆ?

ಹೆಸರಿನ ಬಾಲ ನೋಡಿ. ಸುರೇಶ, ರಮೇಶ, ಮಹೇಶ, ಉಮೇಶ – ಒಂದು ಕಾಲದ ಬಾಲ. ರಕ್ಷಿತ್, ರೋಹಿತ್, ರಂಜಿತ್, ಮೋಹಿತ್ – ಆಮೇಲಿನದು. ಈಗ ವಿಹಾನ್, ರಿಯಾನ್, ಅಯಾನ್; ರಿಯಾಂಶ್, ದಿವ್ಯಾಂಶ್; ಆನ್ವಿ, ಸಾನ್ವಿ, ತನ್ವಿ. 2011ರಲ್ಲಿ ಹುಟ್ಟಿದ ಮಗಳಿಗೆ ಅದೇ ಐಶ್ವರ್ಯ ರೈ ಆರಾಧ್ಯ ಅಂತ ಹೆಸರಿಟ್ಟರು. ಕೆಲವೇ ವರ್ಷದಲ್ಲಿ ನಮ್ಮ ಅಂಗನವಾಡಿಗೂ ಆರಾಧ್ಯ ಬಂದಳು. ತಾಯಿಯ ಹೆಸರು ಒಂದು ಅಲೆ, ಮಗಳ ಹೆಸರು ಇನ್ನೊಂದು ಅಲೆ.

ಈ ಮಾತು ಹೇಳಿದ್ದಕ್ಕೆ ಒಬ್ಬ ಅಪ್ಪ ನನ್ನ ಮೇಲೆ ಮುನಿಸಿಕೊಂಡಿದ್ದಾರೆ, ಅವರ ಮಗ ರಿಯಾಂಶ್. ಹೆಸರು ಕೆಟ್ಟದ್ದು ಅಂತ ನಾನು ಹೇಳಿಲ್ಲ. ನಿಮಗೆ ಇಷ್ಟವಾಗಿದ್ದರೆ ಇಡಿ. 2045ರಲ್ಲಿ ಅವನ ಆಫೀಸಿನಲ್ಲಿ ಇನ್ನಿಬ್ಬರು ರಿಯಾಂಶ್ ಇರಬಹುದು, ಅಷ್ಟೇ.

ಯಾರೂ ಇಡದ ಅಪರೂಪದ ಹೆಸರು ಇಟ್ಟರೆ ಆಯ್ತಲ್ವಾ?

ಆಗಬಹುದು, ಆಯ್ಕೆ ಮಾಡುವ ಕಿವಿ ಒಳ್ಳೆಯದಿದ್ದರೆ. ನಮ್ಮ ಕುಪ್ಪಳಿಯವರ ಉದಾಹರಣೆಯೇ ಇದೆ. ಕುವೆಂಪು ಅವರ ಹೆಸರು ಪುಟ್ಟಪ್ಪ, ಅಪ್ಪಟ ಅಪ್ಪನ ಕಾಲದ್ದು. ಮೊದಲ ಮಗ ಹುಟ್ಟಿದ್ದು 1938ರಲ್ಲಿ. ಸುತ್ತಲೆಲ್ಲ ತಿಮ್ಮಪ್ಪ, ಮಂಜಪ್ಪ ಇದ್ದ ಕಾಲ. ಅವರು ಇಟ್ಟದ್ದು ಪೂರ್ಣಚಂದ್ರ ತೇಜಸ್ವಿ. ಎರಡನೆಯವರಿಗೆ ಕೋಕಿಲೋದಯ ಚೈತ್ರ. ಹೆಣ್ಣುಮಕ್ಕಳಿಗೆ ಇಂದುಕಲಾ, ತಾರಿಣಿ. ಇವತ್ತು ಹುಟ್ಟಿದ ಮಗುವಿಗೆ ತೇಜಸ್ವಿ ಅಂತ ಇಟ್ಟರೆ ಯಾರಿಗಾದರೂ ಹಳೇದು ಅನ್ನಿಸುತ್ತದಾ? ತಾರಿಣಿಯೂ ಅಷ್ಟೇ.

ಅದರಲ್ಲಿ ಇನ್ನೊಂದು ಗಮ್ಮತ್ತಿದೆ. ಆ ಮನೆಯಲ್ಲಿ ಚೈತ್ರ ಮಗನ ಹೆಸರು. ನನ್ನ ಹಾಜರಿ ಪುಸ್ತಕದಲ್ಲಿ ಚೈತ್ರ ಅಂದರೆ ಬರೀ ಹುಡುಗಿಯರು. ಹೆಸರು ಗಂಡಿನಿಂದ ಹೆಣ್ಣಿಗೆ ದಾಟುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಅಪರೂಪ ಬೇಕು ಅಂತ ಪೂರಾ ಹೊಸದಾಗಿ ಹೊಲಿದ ಹೆಸರು ಇಡಬೇಡಿ. ಅಪ್ಪನ ಹೆಸರಿನ ಎರಡಕ್ಷರ, ಅಮ್ಮನ ಹೆಸರಿನ ಎರಡಕ್ಷರ ಸೇರಿಸಿ ಮಾಡಿದ ಹೆಸರುಗಳನ್ನು ಕರೆದಿದ್ದೇನೆ. ಆ ಮಕ್ಕಳು ಪ್ರತಿ ಹೊಸ ಮೇಷ್ಟ್ರ ಮುಂದೆ ಎದ್ದು ನಿಂತು ಹೆಸರನ್ನು ಎರಡು ಸಲ ಹೇಳಬೇಕು.

ಅಜ್ಜ ಅಜ್ಜಿಯ ಹೆಸರು ಇಡಬಹುದಾ?

ಖಂಡಿತ. ಆದರೆ ಯಾವ ತಲೆಮಾರಿನದು ಅಂತ ನೋಡಿ. ನಮಗೆ ಎಲ್ಲಕ್ಕಿಂತ ಹಳೇದಾಗಿ ಕೇಳಿಸುವುದು ಅಪ್ಪ, ಅಮ್ಮ, ಚಿಕ್ಕಪ್ಪ, ಅತ್ತೆಯ ಹೆಸರುಗಳು. ಮುತ್ತಜ್ಜಿಯ ಹೆಸರು ಅಷ್ಟು ಹಳೇದು ಅನ್ನಿಸುವುದಿಲ್ಲ. ಯಾಕಂದರೆ ಆ ಹೆಸರಿನವರು ಈಗ ಕಣ್ಣೆದುರು ಇಲ್ಲ. ಜಾನಕಿ, ರುಕ್ಮಿಣಿ, ಭಾಗೀರಥಿ, ಅಹಲ್ಯಾ ಎಲ್ಲ ಹಾಗೆ ವಾಪಸ್ ಬರುತ್ತಿವೆ. ಸುಜಾತ, ಮಂಜುಳ, ರಮೇಶರ ಸರದಿ ಇನ್ನೂ ಬಂದಿಲ್ಲ. ನನ್ನ ಹೆಸರೂ ಆ ಸಾಲಿನಲ್ಲೇ ಇರುವುದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ಹಳೇ ಹೆಸರಿಗೆ ವಯಸ್ಸು ತರುವುದು ಎಷ್ಟೋ ಸಲ ಅಪ್ಪ, ಅಮ್ಮ ಅನ್ನುವ ಬಾಲ. ಭಾಗೀರಥಮ್ಮ ಅಂದರೆ ಮಡಿ ಸೀರೆ ಕಾಣುತ್ತದೆ. ಭಾಗೀರಥಿ ಅಂದರೆ ಹೊಳೆ ಕಾಣುತ್ತದೆ. ಗಿರಿಜಮ್ಮನನ್ನು ಗಿರಿಜಾ ಮಾಡಿ, ಶಿವಪ್ಪನನ್ನು ಶಿವ ಮಾಡಿ. ಕೆಲವು ಹೆಸರಿಗೆ ಈ ಉಪಾಯ ನಡೆಯುವುದಿಲ್ಲ. ಕೆಳದಿಯ ರಾಣಿ ಚೆನ್ನಮ್ಮ 1672ರಿಂದ 1697ರವರೆಗೆ ರಾಜ್ಯವಾಳಿದವಳು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು. ಕೆಳದಿ ನಮ್ಮ ಸಾಗರದ ಪಕ್ಕದಲ್ಲೇ ಇದೆ. ಆದರೂ ನನ್ನ ಇಪ್ಪತ್ತೆಂಟು ವರ್ಷದಲ್ಲಿ ಒಬ್ಬಳೂ ಚೆನ್ನಮ್ಮ ಸೇರಲಿಲ್ಲ. ಅಮ್ಮ ತೆಗೆದರೆ ಚೆನ್ನ, ಅದು ಹುಡುಗನ ಹೆಸರಾಗುತ್ತದೆ. ಬೇಜಾರಿನ ಸಂಗತಿ.

ಇನ್ನೊಂದು ತಾಪತ್ರಯ ಮೊದಲೇ ಯೋಚಿಸಿ. ಮಾವನ ಹೆಸರನ್ನು ಬಾಯಿಬಿಟ್ಟು ಹೇಳದ ಸೊಸೆಯಂದಿರು ನಮ್ಮ ಕಡೆ ಈಗಲೂ ಇದ್ದಾರೆ. ನಮ್ಮ ಪಕ್ಕದ ಮನೆಯಲ್ಲಿ ತೀರಿಕೊಂಡ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟರು. ಅವನು ಕೆಸರುಗಾಲಲ್ಲಿ ಒಳಗೆ ಬಂದರೆ ಅವನ ಅಜ್ಜಿಗೂ ಹೆಸರು ಹಿಡಿದು ಬೈಯಲು ಬರುವುದಿಲ್ಲ, ಅಮ್ಮನಿಗೂ ಬರುವುದಿಲ್ಲ. "ಏ ಅಪ್ಪಯ್ಯ, ಕಾಲು ತೊಳ್ಕಂಡು ಬಾರೋ" ಅನ್ನುತ್ತಾರೆ. ಎಂಟು ವರ್ಷದ ಹುಡುಗ ಮನೆಮಂದಿಗೆಲ್ಲ ಅಪ್ಪಯ್ಯ.

ಹೆಸರು ಬಾಳುತ್ತದೋ ಇಲ್ಲವೋ ಅಂತ ಪರೀಕ್ಷಿಸುವುದು ಹೇಗೆ?

ಅಂಗಳದಲ್ಲಿ ನಿಂತು ಕೂಗಿ. ತಮಾಷೆ ಅಲ್ಲ, ನಾನು ಎಲ್ಲರಿಗೂ ಮೊದಲು ಹೇಳುವುದೇ ಇದನ್ನು. ಮನೆ ಮೇಲೆ, ತೋಟ ಕೆಳಗೆ. ಅಡಿಕೆ ಮರಗಳ ನಡುವೆ ಇರುವವನಿಗೆ ಊಟಕ್ಕೆ ಕರೆಯುವ ಹಾಗೆ ಕೂಗಿ. ಗೌರೀ... ವರದಾ... ಮಂಜಾ... ಎಷ್ಟು ದೂರ ಬೇಕಾದರೂ ಎಳೆಯಬಹುದು. ಕನ್ನಡದ ಬಾಯಿಗೆ ಕೊನೆಯಲ್ಲಿ ಒಂದು ಸ್ವರ ಬೇಕು. ಇಲ್ಲದಿದ್ದರೆ ನಾವೇ ಸೇರಿಸಿಕೊಳ್ಳುತ್ತೇವೆ. ನೀವು ಆರವ್ ಅಂತ ಇಡಿ, ಅಜ್ಜಿ ಒಂದೇ ವಾರದಲ್ಲಿ ಆರವಾ ಮಾಡುತ್ತಾರೆ. ವಿಹಾನ್ ವಿಹಾನು ಆಗುತ್ತಾನೆ. ಅಜ್ಜಿಯ ಬಾಯಲ್ಲಿ ಹೆಸರು ಏನಾಗುತ್ತದೆ ಅಂತ ಮೊದಲೇ ಕೇಳಿಸಿಕೊಂಡುಬಿಡಿ. ಅದೂ ಚೆಂದ ಇದ್ದರೆ ಆ ಹೆಸರಿಗೆ ಆಯಸ್ಸಿದೆ.

ನನಗೆ ಇದು ಗೊತ್ತಾದದ್ದು ಹೊಸನಗರ ಕಡೆಯ ಒಂದು ಶಾಲೆಯಲ್ಲಿ. ಅಲ್ಲಿ ಒಂದು ಕೋಣೆಗೆ ಹೆಂಚಿನ ಬದಲು ತಗಡು ಹೊದಿಸಿದ್ದರು. ಆರಿದ್ರ ಮಳೆ ಹಿಡಿದರೆ ಪಾಠ ನಿಂತ ಹಾಗೆ. ಹಾಜರಿ ಕರೆಯುವಾಗ ತೇಜ್ ಅಂದರೆ ಯಶ್ ಕೈ ಎತ್ತುತ್ತಿದ್ದ, ಯಶ್ ಅಂದರೆ ಇಬ್ಬರೂ ಎತ್ತುತ್ತಿದ್ದರು. ವ್ಯಂಜನವೆಲ್ಲ ತಗಡಿನ ಸದ್ದಿನಲ್ಲಿ ಮುಳುಗಿ ಹೋಗುತ್ತದೆ. ಸುಮಾ, ಗೋಪಾಲ ಅಂದರೆ ಮಾತ್ರ ಹಿಂದಿನ ಬೆಂಚಿನಿಂದಲೂ "ಹಾಜರ್" ಅಂತ ಬರುತ್ತಿತ್ತು.

ಎರಡನೇ ಪರೀಕ್ಷೆ: ಹೆಸರಿನ ಪಕ್ಕದಲ್ಲಿ ಡಾಕ್ಟ್ರು, ಮೇಷ್ಟ್ರು, ಅಜ್ಜ, ಅಜ್ಜಿ ಎಲ್ಲ ಸೇರಿಸಿ ನೋಡಿ. ಚಿಂಟು ಮೇಷ್ಟ್ರು ನಡೆಯುತ್ತದಾ? ಸ್ವೀಟಿ ಅಜ್ಜಿ? ಮಗು ಹತ್ತು ವರ್ಷ ಮಾತ್ರ ಮಗುವಾಗಿರುತ್ತದೆ. ಐವತ್ತು ವರ್ಷ ದೊಡ್ಡವರಾಗಿರುತ್ತಾರೆ.

ಜಾತಕದಲ್ಲಿ ಬಂದ ಅಕ್ಷರಕ್ಕೆ ಒಳ್ಳೆ ಹೆಸರೇ ಸಿಗುತ್ತಿಲ್ಲ. ಏನು ಮಾಡುವುದು?

27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಅಶ್ವಿನಿಗೆ ಚು, ಚೆ, ಚೊ, ಲ. ರೋಹಿಣಿಗೆ ಒ, ವ, ವಿ, ವು. ಇವರೆಲ್ಲ ಬಚಾವು. ಆರಿದ್ರದವರಿಗೆ ಕು, ಘ, ಙ, ಛ. ಹಸ್ತದವರಿಗೆ ಪು, ಷ, ಣ, ಠ. ಙ ಅಕ್ಷರದಲ್ಲಿ ಹೆಸರು ಹುಡುಕಿ ಸೋತ ಒಬ್ಬ ಅಪ್ಪ ರಾತ್ರಿ ಹತ್ತು ಗಂಟೆಗೆ ನನಗೆ ಫೋನ್ ಮಾಡಿದ್ದರು.

ಹಿರಿಯರು ಇದಕ್ಕೆ ದಾರಿ ಮಾಡಿಟ್ಟಿದ್ದಾರೆ. ಜನ್ಮನಾಮ ಬೇರೆ, ವ್ಯವಹಾರನಾಮ ಬೇರೆ. ನಾಮಕರಣದ ದಿನ ಅಕ್ಕಿ ಹರಡಿದ ತಟ್ಟೆಯಲ್ಲಿ ಚಿನ್ನದುಂಗುರ ಹಿಡಿದು ಒಂದಕ್ಕಿಂತ ಹೆಚ್ಚು ಹೆಸರು ಬರೆಸುವುದನ್ನು ನೋಡಿದ್ದೀರಲ್ಲ? ನಕ್ಷತ್ರದ್ದು ಅಲ್ಲಿರಲಿ, ಕಿವಿಯಲ್ಲೂ ಹೇಳಿ. ಕರೆಯುವುದಕ್ಕೆ ಬೇಕಾದ್ದನ್ನು ಇಟ್ಟುಕೊಳ್ಳಿ. ನಿಮ್ಮ ಪುರೋಹಿತರನ್ನೇ ಕೇಳಿ ನೋಡಿ, ಬಹಳ ಮಂದಿ ಒಪ್ಪುತ್ತಾರೆ.

ನಮ್ಮ ಮಲೆನಾಡಿನದ್ದೇ ಅನ್ನಿಸುವ, ಹಳತೂ ಆಗದ ಹೆಸರು ಇವೆಯಾ?

ಬೇಕಾದಷ್ಟಿವೆ. ನದಿಗಳಿಂದ ಶುರು ಮಾಡಿ. ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ, ಇಕ್ಕೇರಿ ಹತ್ತಿರದ ವರದಾಮೂಲದಿಂದ ಹೊರಡುವ ವರದಾ, ತೀರ್ಥಹಳ್ಳಿ ಕಡೆಯ ಮಾಲತಿ, ಕೂಡ್ಲಿಯಲ್ಲಿ ಸೇರುವ ತುಂಗಾ, ಭದ್ರಾ. ವರದಾ ನನಗೆ ಎಲ್ಲಕ್ಕಿಂತ ಇಷ್ಟ. ಮೂರಕ್ಷರ, ಕೂಗಲು ಸುಲಭ. ಶರಾವತಿ ಚೆಂದವೇ, ಆದರೆ ಕರೆಂಟ್ ಹೋದಾಗಲೆಲ್ಲ ಆ ಹುಡುಗಿಯನ್ನು ಕ್ಲಾಸಿನಲ್ಲಿ ರೇಗಿಸುತ್ತಾರೆ.

ಮಳೆ ನಕ್ಷತ್ರಗಳು ಇನ್ನೊಂದು ಖಜಾನೆ. ರೋಹಿಣಿ, ಕೃತ್ತಿಕಾ, ಸ್ವಾತಿ, ಚಿತ್ರಾ, ವಿಶಾಖ, ಭರಣಿ. ರೈತರ ಬಾಯಲ್ಲಿ ವರ್ಷವರ್ಷವೂ ಬರುವ ಹೆಸರುಗಳು, ಹಾಗಾಗಿ ತುಕ್ಕು ಹಿಡಿಯುವುದಿಲ್ಲ. ಹುಬ್ಬೆ ಮಳೆ ಎಷ್ಟೇ ಚೆನ್ನಾಗಿ ಬಂದರೂ ಆ ಹೆಸರು ಮಾತ್ರ ಬೇಡ.

ಹೂವಿನಲ್ಲಿ ಸುರಗಿ ಇದೆ. ಒಣಗಿದ ಮೇಲೂ ಘಮ ಬಿಡದ ಹೂವು. ಸಂಪಿಗೆ, ಬಕುಳ ಇವೆ. ಅಚ್ಚಗನ್ನಡದಲ್ಲಿ ಸಿರಿ, ನೇಸರ, ಇಂಚರ, ಇಂಪನ. ಇಂಚರ, ಇಂಪನ ಸ್ವಲ್ಪ ಗುಂಪಾಗಿ ಬಂದವು ಅಂತ ನನ್ನ ಗುಮಾನಿ. ನೇಸರ ಇನ್ನೂ ಖಾಲಿ ಇದೆ.

ಗಂಡುಮಕ್ಕಳಿಗೆ ಇಷ್ಟು ವೈವಿಧ್ಯ ಇಲ್ಲ, ನಿಜ. ಅರ್ಜುನ, ಕೃಷ್ಣ, ಮಾಧವ, ಶ್ರವಣ, ಗಣೇಶ – ಇವಕ್ಕೆ ಇಸವಿ ಇಲ್ಲ. ಮಂಜುನಾಥನನ್ನು ಈಗ ಇಡುವವರು ಕಡಿಮೆ, ಆದರೆ ಧರ್ಮಸ್ಥಳ ಇರುವವರೆಗೆ ಅವನು ಪೂರ್ತಿ ಹೋಗುವುದಿಲ್ಲ.

ನಮ್ಮದು ಮುಸ್ಲಿಂ ಕುಟುಂಬ. ಈ ಲೆಕ್ಕ ನಮಗೂ ಬರುತ್ತದಾ?

ಬರುತ್ತದೆ. ಫಾತಿಮಾ, ಆಯಿಷಾ, ಇಬ್ರಾಹಿಂ, ಯೂಸುಫ್ ನನ್ನ ಎಲ್ಲ ಪುಸ್ತಕಗಳಲ್ಲೂ ಇದ್ದಾರೆ. ಶಬಾನಾ, ಪರ್ವೀನ್ ಒಂದು ಕಾಲಕ್ಕೆ ಬಂದು ಹೋದರು. ಈಗ ಅಯಾನ್, ಝೋಯಾ. ಅಯಾನ್ ಅಂತ ಕರೆದರೆ ಹಿಂದೂ ಹುಡುಗನೂ ಎದ್ದು ನಿಲ್ಲಬಹುದು, ಮುಸ್ಲಿಂ ಹುಡುಗನೂ ಎದ್ದು ನಿಲ್ಲಬಹುದು. ಇದು ಮಾತ್ರ ನನಗೆ ಹೊಸ ಅನುಭವ, ಖುಷಿಯದ್ದು.

ಅ ಅಕ್ಷರದಿಂದಲೇ ಶುರುವಾಗಬೇಕಾ?

ಬೇಡ. ಅ, ಆ ಹೆಸರುಗಳೇ ಜಾಸ್ತಿಯಾಗಿ ಈಗ ಹಾಜರಿ ಅರ್ಧ ಮುಗಿದರೂ ಬಿ ಅಕ್ಷರ ಬಂದಿರುವುದಿಲ್ಲ. ಬಾಯಿಪಾಠ ಒಪ್ಪಿಸುವಾಗ ಮೊದಲು ಎದ್ದೇಳಬೇಕಾದವರೂ ಅವರೇ, ಪಾಪ.

ಅದೃಷ್ಟಕ್ಕೆ ಸ್ಪೆಲ್ಲಿಂಗ್‌ನಲ್ಲಿ ಒಂದು ಅಕ್ಷರ ಜಾಸ್ತಿ ಹಾಕಿಸಬಹುದಾ?

ಸಂಖ್ಯಾಶಾಸ್ತ್ರ ನನಗೆ ಗೊತ್ತಿಲ್ಲ, ಫಾರ್ಮ್ ತುಂಬುವುದು ಗೊತ್ತು. ಎರಡು ಎ, ಎರಡು ಐ ಹಾಕಿಸಿದ ಹೆಸರನ್ನು ಒಂದು ಕಡೆ ಸರಿ ಬರೆದರೆ ಇನ್ನೊಂದು ಕಡೆ ತಪ್ಪು ಬರೆಯುತ್ತಾರೆ. ದೊಡ್ಡವರಾದ ಮೇಲೆ ಬದಲಿಸಿಕೊಳ್ಳುವುದು ಬೇರೆ ಮಾತು. ನಮ್ಮ ಜಿಲ್ಲೆಯ ಯಡಿಯೂರಪ್ಪನವರು 2019ರಲ್ಲಿ ಮುಖ್ಯಮಂತ್ರಿಯಾಗುವ ಹೊತ್ತಿಗೆ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಿಸಿಕೊಂಡರು. ಊರಿಗೂ ಹಾಗೇ ಆಯಿತು. 2014ರ ನವೆಂಬರ್ 1ರಿಂದ ಶಿವಮೊಗ್ಗದ ಇಂಗ್ಲಿಷ್ ಹೆಸರು ಬದಲಾಯಿತು. ಕನ್ನಡದಲ್ಲಿ ಅವರೂ ಅವರೇ, ಊರೂ ಅದೇ.

ಹೆಚ್ಚು ಕಾಡುವುದು ತ ಅಕ್ಷರ. ನಾವು ಸವಿತಾಗೆ ಟಿ ಜೊತೆ ಎಚ್ ಹಾಕುತ್ತೇವೆ. ಉತ್ತರದವರು ಬರೀ ಟಿ ಹಾಕುತ್ತಾರೆ, ನಮ್ಮದನ್ನು ಸವಿಥಾ ಅಂತ ಓದುತ್ತಾರೆ. ಮಗು ಮುಂದೆ ಬೆಂಗಳೂರಿಗೋ ಪುಣೆಗೋ ಹೋಗುವುದಂತೂ ಗ್ಯಾರಂಟಿ. ತ, ಥ, ಳ, ಋ ಕಡಿಮೆ ಇರುವ ಹೆಸರಾದರೆ ತಲೆಬಿಸಿ ಕಡಿಮೆ.

ಅರ್ಥವನ್ನು ಮೊಬೈಲ್‌ನಲ್ಲಿ ನೋಡಿದೆವು. ನಂಬಬಹುದಾ?

ಅರ್ಧ. ಕಿಯಾಂಶ್ ಅನ್ನುವುದರಲ್ಲಿ ಅಂಶ ಅಂದರೆ ಭಾಗ, ಸರಿ. ಕಿಯ ಅಂದರೆ ಏನು? ಸಂಸ್ಕೃತ ಪಾಠ ಮಾಡುವವರನ್ನು ಕೇಳಿ, ಅವರು ನಗುತ್ತಾರೆ. ಒಂದು ಒಳ್ಳೆಯ ನಿಘಂಟು ತೆಗೆದು ನೋಡಲು ಐದು ನಿಮಿಷ ಸಾಕು.

ಇನಿಶಿಯಲ್ ಇಡುವುದಾ, ಸರ್‌ನೇಮ್ ಇಡುವುದಾ?

ನಮ್ಮಲ್ಲಿ ಊರಿನ ಹೆಸರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ಹೆಸರು. ಆದರೆ ಪ್ಯಾನ್ ಅರ್ಜಿಯಲ್ಲಿ ಮೊದಲ ಹೆಸರು, ಕೊನೆ ಹೆಸರಿನ ಜಾಗಕ್ಕೆ ಇನಿಶಿಯಲ್ ನಡೆಯುವುದಿಲ್ಲ. ಪಾಸ್‌ಪೋರ್ಟಿಗೂ ಬಿಡಿಸಿ ಬರೆಯಬೇಕು. 2022ರ ನವೆಂಬರ್‌ನಲ್ಲಿ ಯುಎಇಯವರು ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ಇಲ್ಲ ಅಂದಾಗ ನಮ್ಮೂರಿನ ಎಷ್ಟೋ ಜನಕ್ಕೆ ತಮ್ಮದು ಒಂಟಿ ಹೆಸರು ಅಂತ ಗೊತ್ತಾಯಿತು. ಜಾತಿ ಹೆಸರು ಬೇಡವಾದರೆ ಅಪ್ಪನದೋ ಅಮ್ಮನದೋ ಪೂರ್ತಿ ಹೆಸರನ್ನು ಎರಡನೇ ಹೆಸರಾಗಿ ಬರೆಸಿ. ಮೊದಲ ದಾಖಲೆಯಲ್ಲೇ ಬರೆಸಿ.

ಹೆಸರು ಇನ್ನೂ ನಿಕ್ಕಿಯಾಗಿಲ್ಲ. ಜನನ ಪ್ರಮಾಣಪತ್ರಕ್ಕೆ ಏನು ಮಾಡುವುದು?

ಗಡಿಬಿಡಿ ಬೇಡ. ಜನನವನ್ನು 21 ದಿನದೊಳಗೆ ನೋಂದಣಿ ಮಾಡಿಸಲೇಬೇಕು, ಆದರೆ ಹೆಸರು ಆಗಲೇ ಕೊಡಬೇಕೆಂದಿಲ್ಲ. ಹೆಸರಿಲ್ಲದೆ ನೋಂದಣಿ ಮಾಡಿಸಿ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೂ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಲು ಅವಕಾಶ ಇದೆ. ಅಷ್ಟು ವರ್ಷ ಕಾಯಬೇಡಿ ಮತ್ತೆ! 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಹುಟ್ಟಿದ ದಿನ, ಜಾಗದ ಪುರಾವೆಗೆ ಈ ಪ್ರಮಾಣಪತ್ರವೇ ಮುಖ್ಯ. ಶಾಲೆಗೂ ಅದೇ, ಆಧಾರ್‌ಗೂ ಅದೇ.

ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ, ಕನ್ನಡವನ್ನೂ ಇಂಗ್ಲಿಷನ್ನೂ. ನನ್ನ ತಂಗಿಯ ಮಗಳು ಧೃತಿ. ಕಾಗದದಲ್ಲಿ ಬಂದದ್ದು ದೃತಿ, ಹೊಟ್ಟೆ ಸೀಳದ ದ. ಯಾರೂ ನೋಡಲಿಲ್ಲ, ಮೂರು ವರ್ಷ ಫೈಲಿನಲ್ಲೇ ಇತ್ತು. ಎಲ್‌ಕೆಜಿಗೆ ಸೇರಿಸುವಾಗ ಕಣ್ಣಿಗೆ ಬಿತ್ತು. ಒಂದು ಗೆರೆ ಸೇರಿಸುವುದಕ್ಕೆ ತಂಗಿ ಕಚೇರಿಗೆ ಐದು ಸಲ ಅಲೆದಳು. ಅಕ್ಕ ಅಕ್ಕೋರು ಆಗಿದ್ದೂ ಏನು ಪ್ರಯೋಜನ ಅಂತ ನನ್ನನ್ನೂ ಬೈದಳು.

ಎಷ್ಟು ಯೋಚಿಸಿ ಇಟ್ಟರೂ ಮನೆಯಲ್ಲಿ ಬೇರೆಯೇ ಕರೆಯುತ್ತಾರೆ. ಏನು ಮಾಡುವುದು?

ಏನೂ ಮಾಡಲು ಆಗುವುದಿಲ್ಲ. ಹವ್ಯಕರ ಮನೆಯಲ್ಲಿ ಗಂಡು ಮಾಣಿ, ಹೆಣ್ಣು ಕೂಸು. ಉಳಿದವರ ಮನೆಯಲ್ಲಿ ಪುಟ್ಟ, ಪುಟ್ಟಿ, ಮರಿ, ಗುಂಡ. ಒಂದನೇ ತರಗತಿಯ ಮೊದಲ ದಿನ ತಮ್ಮ ಹೆಸರು ಕರೆದರೂ ಗೊತ್ತಾಗದೆ ಕೂತಿರುವ ಮಕ್ಕಳು ಪ್ರತಿ ವರ್ಷ ಇಬ್ಬರಾದರೂ ಸಿಗುತ್ತಿದ್ದರು.

ನಿಮ್ಮ ಮನೆಯಲ್ಲಿ ಏನು ಹೆಸರಿಟ್ಟಿರಿ?

ಮೊಮ್ಮಗಳು ಹುಟ್ಟಿದಾಗ ಹನ್ನೊಂದು ಹೆಸರು ಬರೆದುಕೊಟ್ಟಿದ್ದೆ. ವರದಾ ಮೇಲೆ ಎರಡು ಗೆರೆ ಎಳೆದಿದ್ದೆ. ಮಗಳು ಪಟ್ಟಿ ನೋಡಿ, "ಅಮ್ಮ, ಇದೆಲ್ಲ ನಿನ್ ಹಾಜರಿ ಪುಸ್ತಕ" ಅಂದಳು. ಇಟ್ಟದ್ದು ಸಾನ್ವಿ. ಅಂಗನವಾಡಿಯಲ್ಲಿ ಈಗ ಇಬ್ಬರು ಸಾನ್ವಿಯರಿದ್ದಾರೆ, ನಮ್ಮವಳನ್ನು ಸಾನ್ವಿ ಎಂ ಅನ್ನುತ್ತಾರೆ. ತೋಟದಿಂದ ಕರೆಯುವಾಗ ಸಾನೀ... ಅಂತ ಎಳೆಯುತ್ತೇನೆ. ಓಡಿ ಬರುತ್ತಾಳೆ.